ಹೃದಯದ ಹಾರ್ಮೋನು, ಮಧುಮೇಹದ ಅಪಾಯ: ರಿಪೋರ್ಟು ಓದುವುದು ಹೇಗೆ?

ಏದುಸಿರು, ಕಾಲು ಊತ ಎಂದು ಹೋದವರಿಗೆ ವೈದ್ಯರು ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ, ಹೃದಯ ಸ್ರವಿಸುವ ಹಾರ್ಮೋನಿನ ಮಟ್ಟ ಸೂಚಿಸುವ ಎನ್‌ಟಿ-ಪ್ರೊಬಿಎನ್‌ಪಿ ಒಂದು. ಅಂಕಿ ಹೆಚ್ಚಿದ್ದರೆ ಹೃದಯ ವೈಫಲ್ಯದ ಅನುಮಾನ, ಕಡಿಮೆಯಿದ್ದರೆ ನಿರಾಳ. ಹೃದಯದ ಮಟ್ಟಿಗೆ ಈ ಲೆಕ್ಕ ಸರಿ. ಮಧುಮೇಹದ ವಿಷಯಕ್ಕೆ ಬಂದರೆ ಅದು ತಿರುಗುಮುರುಗಾಗುತ್ತದೆ. ಹೃದಯದ ಹಾರ್ಮೋನುಗಳು ಕಡಿಮೆ ಇರುವವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಂಭವ ಹೆಚ್ಚು ಎಂದು ಸ್ವೀಡನ್ನಿನ ಮಾಲ್ಮೋದಲ್ಲೂ ಅಮೆರಿಕದಲ್ಲೂ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಕಂಡುಕೊಂಡಿವೆ. ಹಾಗೆಂದು ಕಡಿಮೆ ಅಂಕಿ ಕಂಡ ಕೂಡಲೇ ಗಾಬರಿಬೀಳಬೇಕಿಲ್ಲ. ಒಂದೊಂದಾಗಿ ನೋಡೋಣ.

1. ಅಳೆದಿರುವುದು ಯಾವುದನ್ನು?

1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಹೃದಯದ ಮೇಲಿನ ಕೋಣೆಗಳ ಸಾರವನ್ನು ಇಲಿಗಳಿಗೆ ಚುಚ್ಚಿದಾಗ, ಅವು ಮೂತ್ರದಲ್ಲಿ ಧಾರಾಳವಾಗಿ ಉಪ್ಪು ಹೊರಹಾಕಿದವು. ಎಎನ್‌ಪಿ ಎಂಬ ಹಾರ್ಮೋನು ಬೆಳಕಿಗೆ ಬಂದದ್ದು ಹೀಗೆ. ಅದೇ ಕುಟುಂಬದ ಬಿಎನ್‌ಪಿ 1988ರಲ್ಲಿ ಸಿಕ್ಕಿತು. ಬಿಎನ್‌ಪಿಯ ಮೂಲ ಪ್ರೋಟೀನು ಎರಡು ತುಂಡಾಗುತ್ತದೆ: ಕೆಲಸ ಮಾಡುವ ಬಿಎನ್‌ಪಿ ಒಂದು, ಕೆಲಸವಿಲ್ಲದ ಎನ್‌ಟಿ-ಪ್ರೊಬಿಎನ್‌ಪಿ ಇನ್ನೊಂದು. ಎರಡನೆಯದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಇವುಗಳ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬೇಡಿ. ತುರ್ತು ಸ್ಥಿತಿಯಲ್ಲಿ ಇಲ್ಲದವರ ಹೃದಯ ವೈಫಲ್ಯದ ತಪಾಸಣೆಯಲ್ಲಿ ಬಿಎನ್‌ಪಿಗೆ 35 ಗಡಿಯಾದರೆ, ಎನ್‌ಟಿ-ಪ್ರೊಬಿಎನ್‌ಪಿಗೆ ಮಿಲಿಲೀಟರಿಗೆ 125 ಪಿಕೋಗ್ರಾಂ.

2. ಅಂಕಿಯ ಹಿಂದಿರುವ ಮನುಷ್ಯನನ್ನು ನೋಡಿ

ವಯಸ್ಸಾದಂತೆ ಮಟ್ಟ ಏರುತ್ತದೆ. ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು. ಮೂತ್ರಪಿಂಡ ಸೋತರೂ, ಹೃದಯದ ಲಯ ತಪ್ಪಿದರೂ ಹೆಚ್ಚುತ್ತದೆ. ಆದ್ದರಿಂದ ಹೆಚ್ಚಿನ ಅಂಕಿ ಮಧುಮೇಹದ ವಿರುದ್ಧ ರಕ್ಷಾಕವಚ ಎಂದುಕೊಳ್ಳುವಂತಿಲ್ಲ. ಇನ್ನು ಬೊಜ್ಜು ಇರುವವರಲ್ಲಿ ಅದು ಇಳಿಯುತ್ತದೆ. ವಿಷಯದ ತಿರುಳು ಇರುವುದು ಇಲ್ಲೇ.

3. ಕಡಿಮೆಯಾದದ್ದು ಏಕೆ?

ಹೃದಯದ ಹಾರ್ಮೋನುಗಳು ಮೂತ್ರಪಿಂಡಕ್ಕಷ್ಟೇ ಅಲ್ಲ, ಕೊಬ್ಬಿನ ಕೋಶಗಳಿಗೂ ಸುದ್ದಿ ಮುಟ್ಟಿಸುತ್ತವೆ. ಆ ಕೋಶಗಳ ಮೇಲೆ ಎರಡು ಬಗೆಯ ಗ್ರಾಹಕಗಳಿವೆ. ಒಂದು, ಸುದ್ದಿ ಕೇಳಿ ಕೂಡಿಟ್ಟ ಕೊಬ್ಬನ್ನು ಕರಗಿಸುವಂಥದ್ದು. ಇನ್ನೊಂದು, ಹಾರ್ಮೋನನ್ನು ಹಿಡಿದು ನುಂಗಿಬಿಡುವಂಥದ್ದು. ಬೊಜ್ಜು ಹೆಚ್ಚಿದವರಲ್ಲಿ, ರಕ್ತದಲ್ಲಿ ಇನ್ಸುಲಿನ್ ಏರಿದವರಲ್ಲಿ ಈ ನುಂಗುವ ಗ್ರಾಹಕಗಳದ್ದೇ ಮೇಲುಗೈ. ಹಾರ್ಮೋನು ಕಡಿಮೆಯಾದಷ್ಟೂ ಕೊಬ್ಬು ಕರಗುವುದೂ ಸ್ನಾಯುಗಳಲ್ಲಿ ಉರಿಯುವುದೂ ಕುಂಠಿತ. ಇನ್ಸುಲಿನ್ನಿಗೆ ದೇಹ ಇನ್ನಷ್ಟು ಜಡವಾಗುತ್ತದೆ. ಇನ್ಸುಲಿನ್ ಮತ್ತಷ್ಟು ಏರುತ್ತದೆ. ಸುತ್ತು ಮೊದಲಿಗೇ ಬಂತು.

ಹಾಗಾದರೆ ಎಲ್ಲವೂ ಬೊಜ್ಜಿನ ಆಟವೇ? ಪೂರ್ತಿ ಅಲ್ಲ. ತೂಕದ ಲೆಕ್ಕ ಕಳೆದ ಮೇಲೂ ನಂಟು ಉಳಿಯುತ್ತದೆ. ಹುಟ್ಟಿನಿಂದಲೇ ಬಿಎನ್‌ಪಿಯನ್ನು ತುಸು ಹೆಚ್ಚು ಇರಿಸುವ ಜೀನ್ ವ್ಯತ್ಯಾಸ ಉಳ್ಳವರಿಗೆ ಮಧುಮೇಹದ ಅಪಾಯ ಕೊಂಚ ಕಡಿಮೆ ಎಂದು 2011ರ ಒಂದು ವಿಶ್ಲೇಷಣೆ ತೋರಿಸಿತು. ನನಗೆ ಇದೇ ಬಲವಾದ ಸುಳಿವು ಅನ್ನಿಸುತ್ತದೆ: ಜೀನ್‌ಗಳನ್ನು ಬೊಜ್ಜು ಬದಲಿಸಲಾರದು. ಹೃದಯ ವೈಫಲ್ಯಕ್ಕೆ ಕೊಡುವ ಸ್ಯಾಕುಬಿಟ್ರಿಲ್-ವಾಲ್ಸಾರ್ಟನ್ ಮಾತ್ರೆ ಈ ಹಾರ್ಮೋನುಗಳು ಒಡೆಯುವುದನ್ನು ನಿಧಾನಿಸುತ್ತದೆ. 2014ರ ದೊಡ್ಡ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡ ಮಧುಮೇಹಿಗಳಲ್ಲಿ, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಎನಲಾಪ್ರಿಲ್ ಎಂಬ ಹಳೆಯ ಮಾತ್ರೆ ಪಡೆದವರಿಗಿಂತ ತುಸು ಹೆಚ್ಚೇ ಇಳಿಯಿತು. ಆದರೆ ಸ್ಯಾಕುಬಿಟ್ರಿಲ್-ವಾಲ್ಸಾರ್ಟನ್ ಬೇರೆ ಪೆಪ್ಟೈಡುಗಳನ್ನೂ (ಪುಟ್ಟ ಪ್ರೋಟೀನು ತುಣುಕುಗಳನ್ನೂ) ಉಳಿಸುವುದರಿಂದ ಪೂರ್ತಿ ಶ್ರೇಯಸ್ಸನ್ನು ಬಿಎನ್‌ಪಿಗೇ ಕೊಡಲಾಗದು. ಅಂದಹಾಗೆ, ಈ ಮಾತ್ರೆ ನುಂಗುವವರಲ್ಲಿ ಬಿಎನ್‌ಪಿ ತಾನಾಗಿ ಏರುತ್ತದೆ. ಅವರಿಗೆ ಎನ್‌ಟಿ-ಪ್ರೊಬಿಎನ್‌ಪಿ ಪರೀಕ್ಷೆಯೇ ನಂಬಲರ್ಹ.

4. ತೀರ್ಪು ಸಕ್ಕರೆ ಪರೀಕ್ಷೆಯದ್ದು

ಇಷ್ಟಕ್ಕಿಂತ ಕಡಿಮೆಯಿದ್ದರೆ ಮಧುಮೇಹ ಬರುತ್ತದೆ ಎನ್ನುವ ಗಡಿ ಈ ಹಾರ್ಮೋನಿಗೆ ಇಲ್ಲ. ಮಧುಮೇಹ ಪತ್ತೆಗೆಂದೇ ಈ ಪರೀಕ್ಷೆ ಮಾಡಿಸುವುದು ದುಡ್ಡು ದಂಡ. ಬರಿಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಅಥವಾ ಎಚ್‌ಬಿಎ1ಸಿ 5.7ರಿಂದ 6.4 ಶೇಕಡಾ ಇದ್ದರೆ ಮಧುಮೇಹದ ಹೊಸ್ತಿಲು. 126 ಅಥವಾ 6.5 ಮುಟ್ಟಿದರೆ ಮಧುಮೇಹ. ಲಕ್ಷಣಗಳಿಲ್ಲದಿದ್ದರೆ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.

5. ಮಧುಮೇಹ ಈಗಾಗಲೇ ಇದ್ದರೆ

ಆಗ ಹಳೆಯ ಲೆಕ್ಕವೇ: ಏರಿದ ಅಂಕಿ ಹೃದಯದ ಮೇಲಿನ ಒತ್ತಡದ ಸೂಚನೆ. ಬೊಜ್ಜಿನ ದೇಹದಲ್ಲಿ ಮಾತ್ರ ಅಂಕಿ ಕಡಿಮೆ ಬಂದೂ ಹೃದಯ ವೈಫಲ್ಯ ಅಡಗಿರಬಹುದು. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಿದ್ದರೆ ರಿಪೋರ್ಟು ನಂಬಿ ಕೂರದೆ, ಎಕೋ (ಹೃದಯದ ಸ್ಕ್ಯಾನ್) ಬೇಕೇ ಎಂದು ವೈದ್ಯರನ್ನು ಕೇಳಿ.

6. ಹಾರ್ಮೋನು ಏರಿಸಬಹುದೇ?

ಮಧುಮೇಹ ತಡೆಯಲೆಂದು ಇದನ್ನು ಏರಿಸುವ ಔಷಧ ಬಳಕೆಯಲ್ಲಿಲ್ಲ. ಬೊಜ್ಜು ಕರಗಿದರೆ ಮಟ್ಟ ಏರುವುದುಂಟು. ಹೊಸ್ತಿಲಲ್ಲಿ ಇರುವವರು ತೂಕದ 7 ಶೇಕಡಾ ಇಳಿಸಿ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವ ಗುರಿಯಿಟ್ಟುಕೊಂಡರೆ ಮಧುಮೇಹ 58 ಶೇಕಡಾದಷ್ಟು ತಗ್ಗಿತೆಂದು 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ತೋರಿಸಿದೆ. ಮೆಟ್‌ಫಾರ್ಮಿನ್ ಮಾತ್ರೆಯಿಂದ ಸಿಕ್ಕಿದ್ದು 31 ಶೇಕಡಾ. ಫಲ ತಿಳಿಯಲು ಎನ್‌ಟಿ-ಪ್ರೊಬಿಎನ್‌ಪಿಯನ್ನು ಮತ್ತೆ ಅಳೆಯಬೇಕಿಲ್ಲ. ವರ್ಷಕ್ಕೊಮ್ಮೆ ಎಚ್‌ಬಿಎ1ಸಿ ನೋಡಿಸಿದರೆ ಸಾಕು.