ಗಾಜಿನ ಹಾಲ್‌ನಲ್ಲಿ ಮದುವೆಯೇ? ಮೊದಲು ತಲೆಯೆತ್ತಿ ಚಾವಣಿ ನೋಡಿ

ಆಷಾಢದಲ್ಲಿ ಮುಹೂರ್ತಗಳಿಲ್ಲ, ಹಾಲ್‌ಗಳು ಖಾಲಿ, ಮ್ಯಾನೇಜರ್‌ಗೂ ಪುರುಸೊತ್ತು. ಬಹಳ ಮಂದಿ ಜಾಗ ನೋಡಲು ಹೋಗುವುದು ಆಗಲೇ, ಗಾಜಿನ ಹಾಲ್ ವಿಷಯದಲ್ಲಿ ಏಮಾರುವುದೂ ಆಗಲೇ. ಜುಲೈ ಮೋಡದಲ್ಲಿ ತಣ್ಣಗಿದ್ದ ಹಾಲ್ ವೈಶಾಖದ ಅಭಿಜಿನ್ ಲಗ್ನದ, ಅಂದರೆ ನಡುಹಗಲ ಮುಹೂರ್ತದ ಹೊತ್ತಿಗೆ ಕಾದ ಕಾವಲಿ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಬಿಸಿಲೆಲ್ಲ ಬೀಳುವುದು ಚಾವಣಿಯ ಮೇಲೆ, ಗೋಡೆಯ ಮೇಲಲ್ಲ.

ಲೆಕ್ಕ ಹಾಕಿ ನೋಡಿ. ಕುಳಿತ ಒಬ್ಬರ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬರುತ್ತದೆ. 400 ಜನರಿಗೆ 40 ಕಿಲೋವ್ಯಾಟ್. ಒಂದು ಟನ್ ಎಸಿ ತೆಗೆಯುವುದು 3.5 ಕಿಲೋವ್ಯಾಟ್, ಅಂದರೆ ಜನರಿಗೇ 11–12 ಟನ್ ಬೇಕು. ಚಾವಣಿ 3000 ಚದರಡಿಯದಾಗಿ, ಪೂರಾ ಗಾಜಾಗಿದ್ದು, ಬಿಸಿಲಿನ ಅರ್ಧದಷ್ಟು ಶಾಖವನ್ನು ಒಳಬಿಟ್ಟರೂ ಅದಕ್ಕೇ ಇನ್ನೂ 40 ಟನ್. 'ಫುಲ್ ಎಸಿ ಸಾರ್' ಎಂಬ ಮಾತಿಗೆ ತಲೆಯಾಡಿಸದೆ ಒಟ್ಟು ಎಷ್ಟು ಟನ್ ಎಂದು ಕೇಳಿ. ಕರೆಂಟು ಹೋದಾಗ ಜನರೇಟರ್ ಎಸಿಗೂ ಸಾಲುತ್ತದೆಯೇ, ಇಲ್ಲ ಲೈಟು ಮೈಕಿಗಷ್ಟೆಯೇ ಎಂಬುದನ್ನೂ ಬಿಡಬೇಡಿ.

ನೆರಳಿನ ಬಟ್ಟೆ ಗಾಜಿನ ಹೊರಗಿದ್ದರೆ ಶಾಖ ಅಲ್ಲೇ ನಿಲ್ಲುತ್ತದೆ. ಒಳಗೆ ಕಟ್ಟಿದ ಬಿಳಿ ಬಟ್ಟೆ ಕಣ್ಣಿಗೆ ಹಿತ, ಆದರೆ ಶಾಖ ಆಗಲೇ ಒಳಗೆ ಬಂದಾಗಿರುತ್ತದೆ. ಮಾಡಿನ ತುದಿಯಲ್ಲಿ ತೆರೆಯುವ ಕಿಂಡಿಗಳಿದ್ದರೆ ಒಂದನ್ನು ನಿಮ್ಮೆದುರೇ ತೆರೆಸಿ. ತುಕ್ಕು ಹಿಡಿದು ಕೂತಿರುವುದೇ ಹೆಚ್ಚು.

ಗಾಜೆಂದು ಹೇಳುವ ಚಾವಣಿ ಎಷ್ಟೋ ಕಡೆ ಪಾಲಿಕಾರ್ಬೊನೇಟ್ ಶೀಟು, ಅಂದರೆ ಗಟ್ಟಿ ಪ್ಲಾಸ್ಟಿಕ್. ಹಳದಿಗಟ್ಟಿದ ಬಣ್ಣ, ಸಣ್ಣ ಗೀರುಗಳು ಅದರ ಗುರುತು. ಅದು ತಪ್ಪೇನಲ್ಲ, ಆದರೆ ಏಪ್ರಿಲ್–ಮೇ ಸಂಜೆಯ ಗುಡುಗುಮಳೆ ಹೊಡೆದರೆ ಪುರೋಹಿತರ ಮಂತ್ರ ಮೊದಲ ಸಾಲಿಗೂ ಕೇಳದು. ನಿಜವಾದ ಗಾಜಾದರೆ ತಲೆಯ ಮೇಲಿರುವುದು ಲ್ಯಾಮಿನೇಟೆಡ್ ಆಗಿರಬೇಕು: ಒಡೆದರೂ ಒಳಪದರಕ್ಕೆ ಅಂಟಿಕೊಂಡೇ ಇರುತ್ತದೆ. ಬರೀ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ಪುಡಿಯಾಗಿ ಉದುರುತ್ತದೆ. ಸೋರಿಕೆಯ ಜಾಡು ಕಂಬಗಳ ಬುಡದಲ್ಲಿರುತ್ತದೆ. ಒಂದೇ ಕಂಬಕ್ಕೆ ಹೊಸ ಬಣ್ಣ, ಅದರ ನೇರಕ್ಕೆ ಮೇಲೆ ಬಿರಿದ ಸಿಲಿಕೋನ್ (ಗಾಜಿನ ಸಂದಿ ಮುಚ್ಚುವ ಅಂಟು), ಕೆಳಗೆ ನೀರಿನ ಕಲೆ ಕಂಡರೆ ಮಂಟಪ ಅಲ್ಲಿ ಬೇಡ.

ವಧೂವರರು ಪೂರ್ವಕ್ಕೆ ಮುಖ ಮಾಡುವ ಪದ್ಧತಿ ನಿಮ್ಮದಾದರೆ ಆ ಕಡೆಯ ಗಾಜಿನಿಂದ ಬೆಳಗಿನ ಬಿಸಿಲು ನೇರ ಅವರ ಕಣ್ಣಿಗೆ ಬೀಳುತ್ತದೆ. ಆ ಒಂದು ಬದಿಗಾದರೂ ಪರದೆ ಇರಲಿ. ಬೆನ್ನ ಹಿಂದೆ ಬರೀ ಗಾಜಿದ್ದರೆ ಫೋಟೋದಲ್ಲಿ ಮುಖ ಕಪ್ಪು, ಹಾಗಾಗಿ ಹೂವಿನ ಹಿನ್ನೆಲೆ ಹಾಕಿಸಿ. ಸಂಜೆ ಆರತಕ್ಷತೆಗೆ ಇದು ತಿರುವುಮುರುವು. ಹೊರಗೆ ಕತ್ತಲಾದ ಕೂಡಲೇ ಗಾಜೆಲ್ಲ ಕನ್ನಡಿಯಾಗಿ ವಿಡಿಯೋದವರ ಲೈಟೇ ಫೋಟೋದಲ್ಲಿ ಕಾಣುತ್ತದೆ. ಹೊರಗಿನ ಗಿಡಮರಗಳಿಗೆ ದೀಪ ಹಾಕಿಸಿದರೆ ಆ ತೊಂದರೆ ಬಹುಪಾಲು ಕಡಿಮೆ.

ನಾದಸ್ವರ, ಡೋಲಿಗೆ ಗಾಜು ವೈರಿ. ಸದ್ದು ಗೋಡೆಯಿಂದ ಗೋಡೆಗೆ ಬಡಿದು ಗಟ್ಟಿಮೇಳದ ಹೊತ್ತಿಗೆ ಕಿವಿ ಗಡಚಿಕ್ಕುತ್ತದೆ. ಹಾಲ್ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಎಳೆದುಕೊಂಡು ಹೋದರೆ ವಾಲಗದವರನ್ನು ಬಾಗಿಲ ಹೊರಗೆ ಕೂರಿಸಿ. ಅವರಿಗೆ ಮೈಕ್ ಬೇಡವೇ ಬೇಡ.

ಲಾಜಾಹೋಮಕ್ಕೆ ಒಪ್ಪಿಗೆ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಹೊಗೆ ಪತ್ತೆ ಯಂತ್ರ ಮಂಟಪದ ಮೇಲೇ ಇದ್ದರೆ ಹೋಮದ ನಡುವೆ ಅಲಾರಂ ಕೂಗುತ್ತದೆ. ಹೋಮಕುಂಡದ ನೇರಕ್ಕೆ ಇಳಿಬಿಟ್ಟ ಬಟ್ಟೆಯೂ ಇರಬಾರದು.

ಊಟದ ಮನೆಗೆ ಗಾಜು ಬೇಕಿಲ್ಲ. ಬಾಳೆ ಎಲೆಯ ಮುಂದೆ ಕೂತವರಿಗೆ ಫ್ಯಾನ್ ಗಾಳಿ ಸಾಕು.

ಕರಾರಿನಲ್ಲಿ ಬರೆಸಬೇಕಾದದ್ದು: ಡೆಕೋರೇಷನ್‌ನವರು ಎಲ್ಲೆಲ್ಲಿ ಕಟ್ಟಬಹುದು, ಒಂದು ಕೊಕ್ಕೆಗೆ ಎಷ್ಟು ಕಿಲೋ, ಗಾಜು ಒಡೆದರೆ ಖರ್ಚು ಯಾರದು, ಎಸಿ ಎಷ್ಟು ಗಂಟೆ. ರಾತ್ರಿ 10ಕ್ಕೆ ಹಾಲ್‌ನ ಹೊರಗಿನ ಧ್ವನಿವರ್ಧಕ ನಿಲ್ಲಲೇಬೇಕು, ಆರ್ಕೆಸ್ಟ್ರಾದವರಿಗೂ ಇದನ್ನು ಮೊದಲೇ ಹೇಳಿಡಿ. ಇನ್ನು, ಹಾಲನ್ನು ಎರಡನೇ ಸಲ ನೋಡುವಾಗ ನಿಮ್ಮ ಮುಹೂರ್ತದ ಹೊತ್ತಿಗೇ, ಬಿಸಿಲಿರುವ ದಿನ ಹೋಗಿ, ಎಸಿ ಆಫ್ ಮಾಡಿಸಿ ಅರ್ಧ ಗಂಟೆ ಕುಳಿತು ಬನ್ನಿ.