ಮಕ್ಕಳ ತುರ್ತು ಚಿಕಿತ್ಸೆಯಲ್ಲಿ ಅಧ್ಯಾಪಕ ವೈದ್ಯರಾಗುವುದು ಹೇಗೆ?

ಮಕ್ಕಳ ತುರ್ತು ಚಿಕಿತ್ಸೆ ಮಾಡುತ್ತಲೇ ಪಾಠ ಹೇಳಬೇಕು, ಸಂಶೋಧನೆಯನ್ನೂ ನಡೆಸಬೇಕು ಎಂದುಕೊಂಡಿರುವ ಮೈಸೂರು, ಮಂಡ್ಯದ ವೈದ್ಯ ವಿದ್ಯಾರ್ಥಿಗಳು ಮೊದಲು ಕೇಳುವುದು ಪದವಿಯ ವಿಚಾರವನ್ನು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್, ನೀಟ್ ಪಿ.ಜಿ. ಬರೆದು ಮಕ್ಕಳ ವಿಭಾಗದಲ್ಲಿ 3 ವರ್ಷದ ಎಂ.ಡಿ., ಆಮೇಲೆ ತುರ್ತು ಚಿಕಿತ್ಸೆಯ ಫೆಲೋಶಿಪ್ ಅಥವಾ ಮಕ್ಕಳ ತೀವ್ರ ನಿಗಾ ವಿಷಯದಲ್ಲಿ ಡಿ.ಎಂ. ಎಂಬ ಸೂಪರ್ ಸ್ಪೆಷಾಲಿಟಿ ಪದವಿ. ಸೀನಿಯರ್ ರೆಸಿಡೆಂಟ್ ಆಗಿ ದುಡಿದವರು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. ಮುಂದಿನ ಬಡ್ತಿಗೆ ಸೇವಾವಧಿಯ ಜೊತೆಗೆ ಪ್ರಕಟಿತ ಲೇಖನಗಳೂ ಬೇಕು.

ಪಾಠ ಹೇಳುವುದನ್ನು ಮಾತ್ರ ಹುದ್ದೆ ಸಿಗುವವರೆಗೆ ಮುಂದೂಡಬೇಡಿ, ಎಂ.ಡಿ. ಓದುವಾಗಿನ ರಾತ್ರಿ ಡ್ಯೂಟಿಯಲ್ಲೇ ಶುರುಮಾಡಿ. ಮಗು ಇನ್ನೂ ತಾಯಿಯ ತೊಡೆಯ ಮೇಲಿರುವಾಗಲೇ ಅದರ ಚಟುವಟಿಕೆ, ಉಸಿರಾಟಕ್ಕೆ ಪಡುತ್ತಿರುವ ಶ್ರಮ, ಚರ್ಮದ ಬಣ್ಣ ಈ ಮೂರನ್ನು ಅರ್ಧ ನಿಮಿಷದೊಳಗೆ ನೋಡಿ, ಕಂಡದ್ದನ್ನು ಇಂಟರ್ನ್‌ಗೆ ಕೇಳುವಂತೆ ಬಾಯಿಬಿಟ್ಟು ಹೇಳಿ. ನಾನು ಇಂಟರ್ನ್ ಆಗಿದ್ದಾಗ ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡ ಹುಡುಗನೊಬ್ಬನನ್ನು ತಂದಿದ್ದರು. ಎಲ್ಲ ಔಷಧವನ್ನೂ ಕೆ.ಜಿ. ಲೆಕ್ಕದಲ್ಲಿ ಕೊಡಬೇಕೆಂದು ಕಲಿತಿದ್ದ ನಾನು ಹಾವಿನ ವಿಷಕ್ಕೆ ಕೊಡುವ ಪ್ರತಿವಿಷವಾದ ಎಎಸ್‌ವಿಯನ್ನೂ ತೂಕಕ್ಕೆ ತಕ್ಕಂತೆ ಇಳಿಸಿ ಬರೆದೆ. ಹಿರಿಯ ಸಿಸ್ಟರ್ ಕೇಸ್ ಶೀಟ್ ನೋಡಿ, "ಡಾಕ್ಟ್ರೇ, ಹಾವೇನು ತೂಕ ನೋಡಿ ವಿಷ ಬಿಡ್ತಾ?" ಎಂದರು. ಕಚ್ಚಿದ್ದು ಮಗುವನ್ನೆಂದು ವಿಷ ಕಡಿಮೆಯಾಗುವುದಿಲ್ಲವಾದ್ದರಿಂದ ಮಕ್ಕಳಿಗೂ ದೊಡ್ಡವರಿಗೂ ಎಎಸ್‌ವಿ ಪ್ರಮಾಣ ಒಂದೇ. ಈಗಲೂ ನಾನು ಈ ಪಾಠವನ್ನು ಆ ಮಾತಿನಿಂದಲೇ ಆರಂಭಿಸುತ್ತೇನೆ.

ಸಂಶೋಧನೆಯ ಪ್ರಶ್ನೆಯನ್ನು ನಿಮ್ಮ ಕ್ಯಾಶುವಾಲ್ಟಿಯ ರಿಜಿಸ್ಟರಿನಲ್ಲೇ ಹುಡುಕಿ. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್ ಗ್ರಾಮೀಣ ರೋಗಿಗಳನ್ನು ನೋಡುತ್ತಲೇ, ಚೇಳು ಕಡಿತಕ್ಕೆ ಪ್ರಜೋಸಿನ್ ಎಂಬ ಔಷಧ ಉಪಯುಕ್ತವೆಂಬುದನ್ನು 1980ರ ದಶಕದಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಸುತ್ತಲಿನ ತಾಲ್ಲೂಕುಗಳಿಂದ ರೆಫರ್ ಆದ ಮಕ್ಕಳು ಬರುವ ಮೈಸೂರಿನ ಚೆಲುವಾಂಬದಂಥ ಆಸ್ಪತ್ರೆಯಲ್ಲಿ, ಫಿಟ್ಸ್ ಶುರುವಾದ ಎಷ್ಟು ಹೊತ್ತಿಗೆ ಮೊದಲ ಔಷಧ ಬಿತ್ತು ಎಂಬುದೊಂದೇ ಥೀಸಿಸ್‌ಗೆ ಸಾಲುವ ವಿಷಯ. ಆದರೆ ರಿಜಿಸ್ಟರಿನಲ್ಲಿ ಮಗು ಬಂದ ಗಂಟೆ ಬರೆದಿರುತ್ತದೆ, ಔಷಧ ಕೊಟ್ಟ ಗಂಟೆಯ ಜಾಗ ಖಾಲಿ ಇರುತ್ತದೆ. ಆದ್ದರಿಂದ ಥೀಸಿಸ್‌ನ ರೂಪುರೇಷೆಯಾದ ಸಿನಾಪ್ಸಿಸ್ ಬರೆಯುವ ಮೊದಲು ಒಂದು ತಿಂಗಳ ಪುಟಗಳನ್ನು ತಿರುವಿ ನೋಡಿ. ಮಾಹಿತಿ ಸಂಗ್ರಹಿಸಲು ಹೊರಡುವ ಮುನ್ನ ನೈತಿಕ ಸಮಿತಿಯ ಅನುಮತಿ ಪಡೆಯಿರಿ. ಒಪ್ಪಿಗೆ ಪತ್ರದಲ್ಲಿ "ಅಪಸ್ಮಾರ" ಎಂದು ಬರೆದರೆ ತಾಯಿಗೆ ತಿಳಿಯದು, "ಫಿಟ್ಸ್" ಎಂದೇ ಬರೆಯಿರಿ.

ಕೊನೆಯದಾಗಿ, ಹುದ್ದೆ ಒಪ್ಪಿಕೊಳ್ಳುವಾಗ ಸಂಬಳದಷ್ಟೇ ಡ್ಯೂಟಿ ಪಟ್ಟಿಯನ್ನೂ ಗಮನಿಸಿ. ವಾರಕ್ಕೆ ಅರ್ಧ ದಿನವಾದರೂ ಡ್ಯೂಟಿಯಿಲ್ಲದೆ ಬರವಣಿಗೆಗೆ ಸಿಗುತ್ತದೆಯೇ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ, ಸಿಗುತ್ತದೆ ಎಂದರೆ ಯಾವ ದಿನ, ಎಷ್ಟು ಗಂಟೆಯಿಂದ ಎಂಬುದನ್ನೂ ಆಗಲೇ ಗೊತ್ತುಮಾಡಿಕೊಳ್ಳಿ.