ಶಾಲೆಯ ಹಾಕಿ ತಂಡ ಪರದೇಶಕ್ಕೆ ಬಂದಾಗ ಹಳೆ ವಿದ್ಯಾರ್ಥಿಗಳು ಮಾಡಬೇಕಾದ್ದು

ಓದಿದ ಶಾಲೆಯ ತಂಡ ನಾವಿರುವ ದೇಶಕ್ಕೆ ಆಡೋಕೆ ಬರುತ್ತಿದೆ ಅಂದರೆ ನಮಗೆಲ್ಲ ಮೊದಲು ಹೊಳೆಯುವುದು ಊಟದ ಕೂಟ. ಮೊದಲ ಸಲ ನಾವೂ ಅದನ್ನೇ ಮಾಡಿದೆವು, ಅದೂ ಪಂದ್ಯದ ಹಿಂದಿನ ರಾತ್ರಿ. ನಾವು ಮೇಷ್ಟ್ರ ಬೆತ್ತದ ಕಥೆ ಹೇಳಿಕೊಂಡು ನಗುತ್ತಿದ್ದೆವು, ಮಕ್ಕಳು ತಟ್ಟೆ ಮುಂದೆ ತೂಕಡಿಸುತ್ತಿದ್ದರು. ಮರುದಿನ ಆರು ಗೋಲು ಬಿಟ್ಟುಕೊಟ್ಟರು. ಯಾರೂ ನಮ್ಮನ್ನು ಬೈಯಲಿಲ್ಲ, ಆದರೂ ಅದರಲ್ಲಿ ಒಂದೆರಡು ಗೋಲು ನಮ್ಮ ಲೆಕ್ಕಕ್ಕೇ ಸೇರಬೇಕು.

ಹಾಗಾಗಿ ಕೂಟ ಕೊನೆಯ ಪಂದ್ಯ ಮುಗಿದ ಮೇಲೆ. ಸಮಯ ವ್ಯತ್ಯಾಸಕ್ಕೆ ಮೈ ಹೊಂದಿಕೊಳ್ಳಲು ಸುಮಾರಾಗಿ ಗಂಟೆಗೊಂದು ದಿನ ಬೇಕು. ಪೂರ್ವದ ಕಡೆಗೆ ಹಾರಿ ಬಂದವರಿಗೆ ಇನ್ನೂ ಕಷ್ಟ. ಬಂದ ದಿನ ಹಗಲು ಬೆಳಕಲ್ಲಿ ಸ್ವಲ್ಪ ಓಡಾಡಲಿ, ರಾತ್ರಿ ಬೇಗ ಮಲಗಲಿ. ಊರು ತೋರಿಸುವ ಆಸೆಯನ್ನು ಹಿಡಿದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮೊದಲು ತಂಡದ ಜೊತೆ ಬರುವ ಶಿಕ್ಷಕರಿಗೆ ಫೋನ್ ಮಾಡಿ, 'ನಿಮಗೇನು ಬೇಕು ಸರ್?' ಅಂತ ಕೇಳಿ. ನಾವು ಏನು ಕೊಡಬೇಕೆಂದಿದ್ದೇವೆ ಅನ್ನುವುದು ಆಮೇಲಿನ ಮಾತು. ನಾವು ಬ್ಯಾನರ್ ಮಾಡಿಸುವ ಉತ್ಸಾಹದಲ್ಲಿದ್ದಾಗ ಅವರು ಕೇಳಿದ್ದು ಬಟ್ಟೆ ಒಗೆಯುವ ವ್ಯವಸ್ಥೆ! ಒಬ್ಬೊಬ್ಬರಿಗೆ ಇದ್ದದ್ದು ಎರಡೇ ಜರ್ಸಿ, ಪಂದ್ಯ ಐದು.

ವಾಹನದ ಲೆಕ್ಕ ಹಾಕುವಾಗ ಬರೀ ತಲೆ ಎಣಿಸಬೇಡಿ. ಹಾಕಿ ತಂಡ ಅಂದರೆ ಸಾಮಾನ್ಯವಾಗಿ ಹದಿನಾರು ಆಟಗಾರರು, ಜೊತೆಗೆ ಶಿಕ್ಷಕರು. ಗೋಲ್‌ಕೀಪರ್ ಬ್ಯಾಗ್ ಒಂದೇ ಇಬ್ಬರ ಜಾಗ ತಿನ್ನುತ್ತದೆ. ಸ್ಟಿಕ್‌ಗಳನ್ನು ವಿಮಾನದೊಳಗೆ ಕೈಯಲ್ಲಿ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ, ಲಗೇಜಿನಲ್ಲೇ ಹಾಕಬೇಕು. ಲಗೇಜ್ ತಡವಾದರೆ ಮಕ್ಕಳು ಬರಿಗೈ. ಅದಕ್ಕೇ ಯಾವುದಾದರೂ ಸ್ಥಳೀಯ ಕ್ಲಬ್ಬಿನಲ್ಲಿ 36.5 ಮತ್ತು 37.5 ಇಂಚಿನ ನಾಲ್ಕೈದು ಸ್ಟಿಕ್ ಎರವಲು ಕೇಳಿಟ್ಟಿರಿ. ಮೈದಾನ ಹುಲ್ಲಿನದೋ, ಕೃತಕ ಹುಲ್ಲಿನ ಟರ್ಫೋ, ಅದನ್ನೂ ಮೊದಲೇ ತಿಳಿಸಿ. ಶೂ ಬೇರೆಬೇರೆ.

ಇವರು ಅಪ್ರಾಪ್ತ ಮಕ್ಕಳು ಅನ್ನುವುದನ್ನು ಪ್ರೀತಿಯ ಭರದಲ್ಲಿ ಮರೆಯುತ್ತೇವೆ. ಒಂದೇ ಮಗುವನ್ನು ಒಬ್ಬರೇ ಕಾರಿನಲ್ಲಿ ಕರೆದೊಯ್ಯಬೇಡಿ. ಮನೆಯಲ್ಲಿ ಉಳಿಸಿಕೊಳ್ಳುವುದಾದರೆ ಶಾಲೆಯ ಮತ್ತು ಪೋಷಕರ ಒಪ್ಪಿಗೆ ಬರಹದಲ್ಲೇ ಇರಲಿ, ನಿಮ್ಮ ದೇಶದ ನಿಯಮವನ್ನೂ ವಿಚಾರಿಸಿಕೊಳ್ಳಿ. ತಲೆನೋವು ಅಂದ ತಕ್ಷಣ ನಿಮ್ಮ ಚೀಲದ ಮಾತ್ರೆ ಕೊಡಬೇಡಿ, ಶಿಕ್ಷಕರಿಗೆ ಹೇಳಿ. ಯಾರಿಗೆ ಯಾವುದರ ಅಲರ್ಜಿ ಅನ್ನುವ ಪಟ್ಟಿ ಅಡುಗೆ ನೋಡಿಕೊಳ್ಳುವವರ ಕೈಯಲ್ಲಿರಲಿ. ಕೇಳದೆ ಫೋಟೋ ಹಾಕಬೇಡಿ.

ಇನ್ನು ಮೈದಾನದ ಅಂಚು. ನಿಜವಾದ ತರಲೆ ನಾವೇ. ನಮ್ಮ ಬ್ಯಾಚಿನವನೊಬ್ಬ 'ಆಫ್‌ಸೈಡ್! ಆಫ್‌ಸೈಡ್!' ಅಂತ ಗಂಟಲು ಹರಿದುಕೊಂಡ. ಎದುರಾಳಿ ರಕ್ಷಕರನ್ನು ದಾಟಿ ಗೋಲಿನ ಹತ್ತಿರ ಮೊದಲೇ ನಿಂತು ಚೆಂಡು ಪಡೆಯುವುದು ತಪ್ಪು ಅನ್ನುವ ಈ ಆಫ್‌ಸೈಡ್ ನಿಯಮವನ್ನು ಹಾಕಿಯಲ್ಲಿ 1990ರ ದಶಕದಲ್ಲೇ ತೆಗೆದುಹಾಕಿದ್ದಾರೆ. ನಮ್ಮ ಕಾಲದಲ್ಲಿ 35 ನಿಮಿಷದ ಎರಡು ಅರ್ಧ ಇತ್ತು, ಈಗ ಸಾಮಾನ್ಯವಾಗಿ 15 ನಿಮಿಷದ ನಾಲ್ಕು ಕ್ವಾರ್ಟರ್. ಶಾಲಾ ಪಂದ್ಯಗಳಲ್ಲಿ ಇನ್ನೂ ಕಡಿಮೆ ಇರಬಹುದು. ಕೂಗುವ ಮೊದಲು ಹತ್ತು ನಿಮಿಷ ನಿಯಮ ಓದಿಕೊಂಡು ಬಂದರೆ ಮರ್ಯಾದೆ ಉಳಿಯುತ್ತದೆ, ಅಲ್ವಾ? ಆಟದ ಸಲಹೆ ಕೊಡುವುದು ಕೋಚ್ ಕೆಲಸ. ನಾವು ಮಕ್ಕಳ ಹೆಸರು ಹಿಡಿದು ಕೂಗಬೇಕು. ಜರ್ಸಿ ನಂಬರ್ ಮತ್ತು ಹೆಸರಿನ ಚೀಟಿ ಮಾಡಿ ಎಲ್ಲರಿಗೂ ಹಂಚಿ. ಎದುರಿನ ತಂಡಕ್ಕೆ ಅಪ್ಪ ಅಮ್ಮಂದಿರೆಲ್ಲ ಬಂದಿರುತ್ತಾರೆ. ನಮ್ಮ ಮಕ್ಕಳಿಗೆ ತಮ್ಮ ಹೆಸರು ಕೇಳಿಸುವುದು ನಮ್ಮ ಬಾಯಿಂದ ಮಾತ್ರ. ಬೆಂಚಿನ ಮೇಲೆ ಕೂತವನ ಹೆಸರನ್ನೂ ಒಮ್ಮೆ ಕೂಗಿ. ಎದುರಿನವರು ಚೆನ್ನಾಗಿ ಗೋಲು ಹೊಡೆದರೆ ಚಪ್ಪಾಳೆ ತಟ್ಟಿ.

ಹಣದ ವಿಷಯ ಚಿಕ್ಕದು. ಇಬ್ಬರು ಲೆಕ್ಕ ನೋಡಲಿ, ಯಾರು ಎಷ್ಟು ಕೊಟ್ಟರು ಅಂತ ಯಾರೂ ಹೇಳದಿರಲಿ.

ಕೂಟದ ದಿನ ಭಾಷಣ ಬೇಡ. ಒಂದು ಮೇಜಿಗೆ ಇಬ್ಬರು ಹಳಬರು, ಉಳಿದವರು ಮಕ್ಕಳು. ಸುಮ್ನೆ ಕೇಳಿಸಿಕೊಳ್ಳಿ. ಶಾಲೆಯ ಯಾವ ಮರ ಬಿತ್ತು, ಯಾವ ಗೋಡೆಗೆ ಬಣ್ಣ ಬಂತು ಅನ್ನುವುದು ಅವರಿಗೇ ಗೊತ್ತು.

ತಂಡ ಹೊರಟ ಮೇಲೆ ಇಳಿದುಕೊಂಡಿದ್ದ ಕೋಣೆಗಳನ್ನು ಒಮ್ಮೆ ನೋಡಿ ಬನ್ನಿ. ಪ್ರತಿ ಸಲ ಮೊಣಕಾಲ ಕೆಳಗೆ ಕಟ್ಟಿಕೊಳ್ಳುವ ಶಿನ್‌ಗಾರ್ಡ್ ಒಂದು ಒಂಟಿಯಾಗಿ ಮಂಚದ ಕೆಳಗೆ ಉಳಿದೇ ಇರುತ್ತದೆ. ಅದನ್ನು ಅಂಚೆಗೆ ಹಾಕುವವರು ಯಾರು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.